ಎರಡು ಬೆರಳು

ಕುಮ್ರಿಗೆ ಮೂರು ದಿನ ಇರಲಿಲ್ಲ. ಇದ್ದದ್ದು ಒಂದು ಸಂಜೆ, ಒಂದು ಬೆಳಗು, ಅಷ್ಟೆ.

ಮೂರು ದಿನ ಬೇಕು ಎನ್ನುವುದು ಅವಳ ಗುರು ಹೋಜಿಮತ್ ಉಸ್ತಾನ ಲೆಕ್ಕ. ಹಗ್ಗದ ಮೇಲೆ ನಡೆಯುವ ಅವರ ತಂಡದಲ್ಲಿ ಆ ಲೆಕ್ಕವನ್ನು ಯಾರೂ ಮೀರಿರಲಿಲ್ಲ. ಹತ್ತಿ ಬಿಡಿಸಿದವರಾಗಲಿ, ಕಳೆ ಕಿತ್ತವರಾಗಲಿ, ಬಗ್ಗಿ ದುಡಿದ ಯಾರೇ ಆಗಲಿ, ಕೆಲಸ ಮುಗಿದ ಮೇಲೆ ಮೂರು ದಿನ ನೆಲದ ಮೇಲೇ ಇರಬೇಕು. ಬಗ್ಗಿದ ಬೆನ್ನು ಸುಳ್ಳು ಹೇಳುತ್ತದೆ ಎನ್ನುತ್ತಿದ್ದ ಉಸ್ತಾ. ನೋಯುವುದು ಬೇರೆ, ಸುಳ್ಳು ಹೇಳುವುದು ಬೇರೆ. ನೋಯುವ ಬೆನ್ನನ್ನು ಹೊತ್ತು ಹಗ್ಗ ಹತ್ತಬಹುದು. ತಾನೆಲ್ಲಿದ್ದೇನೆ ಎಂದು ತನಗೇ ಗೊತ್ತಿಲ್ಲದ ಬೆನ್ನನ್ನು ಹೊತ್ತು ಹತ್ತಬಾರದು.

ಸುಳ್ಳನ್ನು ಅಳೆಯುವುದಕ್ಕೆ ಅವನ ಹತ್ತಿರ ಒಂದು ಸಾಧನವಿತ್ತು. ಗಾರೆ ಕೆಲಸದವರ ತೂಗುಗುಂಡು. ಅದನ್ನು ಅಂಗಳದ ಹಿಪ್ಪುನೇರಳೆ ಮರದ ಕೊಂಬೆಗೆ ದಾರ ಕಟ್ಟಿ ಇಳಿಬಿಡುತ್ತಿದ್ದ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ನೆಲದ ಗೆರೆಗೆ ಹಿಮ್ಮಡಿ ಮುಟ್ಟಿಸಿ, ದಾರಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಒಮ್ಮೆ ಪೂರ್ತಿ ಬಗ್ಗಿ ಏಳಬೇಕು. ನೆಟ್ಟಗಾದೆ ಅನ್ನಿಸಿದಾಗ ‘ಆಯ್ತು’ ಅನ್ನಬೇಕು. ದಾರಕ್ಕೂ ಬೆನ್ನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ಎಂದು ಉಸ್ತಾ ನೋಡುತ್ತಿದ್ದ. ಒಂದು ಬೆರಳೂ ಹಿಡಿಸಬಾರದು. ದಾರ ಬೆನ್ನಿಗೆ ತಾಗಬೇಕು.

ತಂಡ ಜಿಲ್ಲೆಯ ಸಂಸ್ಕೃತಿ ಭವನಕ್ಕೆ ಸೇರಿದ್ದು. ಸೆಪ್ಟೆಂಬರ್ ಬಂತೆಂದರೆ ಶಾಲೆಯ ಮಾಸ್ತರರು, ಆಸ್ಪತ್ರೆಯ ದಾದಿಯರು, ಭವನದ ಹಾಡುಗಾರರು ಎಲ್ಲರನ್ನೂ ಬಸ್ಸಿಗೆ ತುಂಬಿ ಹತ್ತಿ ಹೊಲಕ್ಕೆ ಕಳಿಸುತ್ತಿದ್ದರು. ಹಗ್ಗದವರಿಗೂ ಬಿಡುಗಡೆ ಇರಲಿಲ್ಲ. ಎಪ್ಪತ್ತು ದಾಟಿದ ಉಸ್ತಾನನ್ನು ಮಾತ್ರ ಮನೆಯಲ್ಲಿ ಬಿಟ್ಟಿದ್ದರು. ಕುಮ್ರಿ ನಲವತ್ತೊಂದು ದಿನ ಬಗ್ಗಿದಳು. ಗಿಡಗಳು ಅವಳ ಸೊಂಟದಷ್ಟು ಎತ್ತರ, ಒಡೆದ ಕಾಯಿಗಳು ಹೆಚ್ಚಿನವು ಮೊಣಕಾಲಿನ ಹತ್ತಿರ. ಸೊಂಟಕ್ಕೆ ಕಟ್ಟಿದ ಉಡಿ ತುಂಬುತ್ತಾ ಬಂದಂತೆ ಅದೇ ಅವಳನ್ನು ಇನ್ನಷ್ಟು ಕೆಳಕ್ಕೆ ಎಳೆಯುತ್ತಿತ್ತು. ದಿನಕ್ಕೆ ಐವತ್ತು ಕಿಲೋ ಆಗಲೇಬೇಕು. ಸಾಲಿನ ಕೊನೆಯಲ್ಲಿ ತೂಕದ ಯಂತ್ರದ ಪಕ್ಕ ತೋಲಿಬ್ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ನೆಟ್ಟಗೆ ನಿಂತಿರುತ್ತಿದ್ದ.

ತೋಲಿಬ್ ಉಸ್ತಾನ ತಂಗಿಯ ಮಗ, ಕುಮ್ರಿ ಉಸ್ತಾನ ಅಣ್ಣನ ಮಗಳು. ಅವನಿಗೆ ಇಪ್ಪತ್ನಾಲ್ಕು, ಅವಳಿಗೆ ಇಪ್ಪತ್ತೆಂಟು; ಅವಳನ್ನು ಅವನು ಓಪಾ, ಅಂದರೆ ಅಕ್ಕ, ಎನ್ನುತ್ತಿದ್ದ. ಇಬ್ಬರೂ ಒಂದೇ ಹಗ್ಗದ ಮೇಲೆ ಕಲಿತವರು. ಕೆಟ್ಟವನಲ್ಲ ಅವನು. ತೂಕಕ್ಕೆ ಗಂಡಸರನ್ನು ನಿಲ್ಲಿಸುವುದು, ಬಿಡಿಸುವುದಕ್ಕೆ ಹೆಂಗಸರನ್ನು ಇಳಿಸುವುದು ಅವನು ಮಾಡಿದ ಏರ್ಪಾಡೇನೂ ಅಲ್ಲ. ಆದರೆ ಆ ಏರ್ಪಾಡಿನಿಂದ ಅವನ ಬೆನ್ನು ಉಳಿಯಿತು.

ಉಸ್ತಾ ಬೇಸಿಗೆಯಲ್ಲೇ ಮಾತು ಕೊಟ್ಟಿದ್ದ. ಅವನ ಮಂಡಿ ಸವೆದಿತ್ತು. ಈ ವರ್ಷದ ಹತ್ತಿ ಹಬ್ಬದಲ್ಲಿ, ಊರೆಲ್ಲ ಸೇರಿದ ಕಡೆ, ಕಣ್ಣು ಕಟ್ಟಿಕೊಂಡು ಹಗ್ಗದ ಮೇಲೆ ಹೋಗಿ ತಿರುಗಿ ಬಂದವರ ಕೈಗೆ ಕೋಲು ಕೊಡುತ್ತೇನೆ ಎಂದಿದ್ದ. ಹಗ್ಗದ ಮೇಲೆ ಸಮತೂಕಕ್ಕೆ ಹಿಡಿಯುವ ಆರು ಮೀಟರ್ ಉದ್ದದ ಆ ಕೋಲು ಅವನ ಮುತ್ತಾತನ ಕಾಲದ್ದು, ನಾಲ್ಕು ಕೈ ದಾಟಿ ಬಂದದ್ದು. ಅದು ಯಾರ ಕೈಯಲ್ಲಿದೆಯೋ ತಂಡ ಅವರದ್ದು. ಅದನ್ನು ಹಬ್ಬದ ದಿನವೇ ಕೊಡುವುದು ಮೊದಲಿನಿಂದ ಬಂದ ಪದ್ಧತಿ. ಹಬ್ಬ ಬರುವುದು ವರ್ಷಕ್ಕೆ ಒಂದೇ ಸಲ. ಆ ಬೇಸಿಗೆಯಲ್ಲಿ ಕುಮ್ರಿ ಕಣ್ಣು ಕಟ್ಟಿಕೊಂಡು ಹದಿನಾಲ್ಕು ಸಲ ಹೋಗಿ ಬಂದಿದ್ದಳು. ತೋಲಿಬ್ ಎರಡು ಸಲ. ಕೋಲು ಯಾರಿಗೆ ಹೋಗುತ್ತದೆಂದು ನಾಯಿಗೂ ಗೊತ್ತಿತ್ತು.

ಹಬ್ಬ ಮಂಗಳವಾರ ಎಂದಿದ್ದರು. ಶುಕ್ರವಾರ ಮಧ್ಯಾಹ್ನ ಜಿಲ್ಲೆಯ ಗುರಿ ಮುಟ್ಟಿತು. ಆದರೆ ಜಿಲ್ಲೆಯ ಆಡಳಿತ ನಡೆಸುವ ಹೋಕಿಮ್ ಸಾಹೇಬರಿಗೆ ಭಾನುವಾರ ತಾಷ್ಕೆಂಟಿಗೆ ಕರೆ ಬಂದಿದ್ದರಿಂದ ಹಬ್ಬ ನಾಳೆಯೇ ಎಂದು ಜೀಪಿನಲ್ಲಿ ಬಂದವನೊಬ್ಬ ಹೊಲದ ಬದುವಿನಲ್ಲಿ ಕೂಗಿ ಹೋದ. ಹೆಂಗಸರು ಉಡಿ ಬಿಚ್ಚಿ ಎಸೆದು ನಕ್ಕರು. ಕುಮ್ರಿ ನಗಲಿಲ್ಲ. ಬಸ್ಸಿಗೆ ಕಾಯುತ್ತಾ ಟ್ರ್ಯಾಕ್ಟರಿನ ಟ್ರಾಲಿಗೆ ಬೆನ್ನು ಒತ್ತಿ ನಿಂತಳು. ತಗಡು ಬೆನ್ನಿಗೆ ಪೂರ್ತಿ ತಾಗಿದಾಗ ತಾನು ಹಿಂದಕ್ಕೆ ಬೀಳುತ್ತಿದ್ದೇನೆ ಅನ್ನಿಸಿತು. ಸರಿದು ಬಂದಳು. ಮತ್ತೆ ಹೋಗಿ ಒತ್ತಿದಳು.

“ಟ್ರಾಲಿ ತಳ್ತಾ ಇದೀರಾ ಓಪಾ?” ಎಂದ ತೋಲಿಬ್. “ಡ್ರೈವರ್ ಬರ್ತಾನೆ, ಬಿಡಿ. ನಾಳೆ ನೀವು ಮೇಲಕ್ಕೆ ಹತ್ತಿದ್ರೆ ಅಲ್ಲೂ ಹತ್ತಿ ಹುಡುಕ್ತೀರ.”

“ನೀನು ಪೆನ್ಸಿಲ್ ಹಿಡ್ಕೊಂಡು ಹತ್ತು. ಹೆಜ್ಜೆ ಬರ್ಕೊಳಕ್ಕೆ ಆಗತ್ತೆ” ಎಂದಳು ಕುಮ್ರಿ. ಅವನು ನಕ್ಕ. ಅವಳು ಬಸ್ಸಿನಲ್ಲಿ ಕೂರಲಿಲ್ಲ. ಊರು ಬರುವವರೆಗೂ ಕಂಬಿ ಹಿಡಿದು ನಿಂತೇ ಇದ್ದಳು.

ಆ ಸಂಜೆ ಉಸ್ತಾ ದಾರ ಇಳಿಬಿಟ್ಟ. ಕುಮ್ರಿ ಬಗ್ಗಿ ಎದ್ದು ಆಯ್ತು ಎಂದಳು. ಮೂರು ಬೆರಳು. ಇನ್ನೊಮ್ಮೆ ನೋಡಿ ಎಂದಳು. ಮೂರು. ಉಸ್ತಾ ದಾರ ಸುತ್ತಿ ಜೇಬಿಗೆ ಹಾಕಿಕೊಂಡ. ನಾಳೆ ತೋಲಿಬ್ ಒಬ್ಬನೇ ಹತ್ತುತ್ತಾನೆ, ನೀನು ಕೆಳಗೆ ನಿಂತು ಜನರನ್ನು ನಗಿಸು ಎಂದ. ಮೂರು ದಿನ ತಡೆಯಿರಿ, ಕೋಲನ್ನು ಆಮೇಲೆ ಕೊಡಿ ಎಂದು ಅವಳು ಕೇಳಿದಳು. ಹಾಗೆ ಅಂಗಳದಲ್ಲಿ ಕೊಟ್ಟ ಕೋಲಿಗೆ ಊರು ತಲೆಬಾಗುವುದಿಲ್ಲ ಎಂದ ಮುದುಕ. ನಲವತ್ತೊಂದು ದಿನ ತೋಲಿಬ್‌ನನ್ನೂ ಬಗ್ಗಿಸಿದ್ದರೆ ಎಂದು ಅವಳು ಶುರು ಮಾಡಿದಳು. ಉಸ್ತಾ ಕೈ ಎತ್ತಿದ.

“ನ್ಯಾಯ ನಂಗೂ ಗೊತ್ತು, ಮಗಳೇ. ಹಗ್ಗಕ್ಕೆ ಗೊತ್ತಿಲ್ಲ.”

ಕುಮ್ರಿ ಹಲಗೆಯ ಮೇಲೆ ಮಲಗಿದಳು. ತೊಲೆ ಹಿಡಿದು ಜೋತಾಡಿದಳು. ಬೆಳಗಾಗುತ್ತಲೇ ಪಕ್ಕದ ಮನೆಯ ಸವ್ರಿ ಓಪಾಳನ್ನು ಎಬ್ಬಿಸಿದಳು. ಸವ್ರಿ ಆಸ್ಪತ್ರೆಯ ದಾದಿ, ಹೊಲದಲ್ಲಿ ಅವಳ ಪಕ್ಕದ ಸಾಲಿನವಳು. ಅವಳ ಅಂಗಳದ ದ್ರಾಕ್ಷಿ ಚಪ್ಪರಕ್ಕೆ ದಾರ ಕಟ್ಟಿ, ಗುಂಡಿನ ಬದಲು ಬೀಗವೊಂದನ್ನು ತೂಗುಬಿಟ್ಟು, ಇಬ್ಬರೂ ಅಳೆಯಲು ನಿಂತರು.

“ಎಷ್ಟು?”

“ಎರಡು. ನನ್ನ ಬೆರಳು ದಪ್ಪ, ಉಸ್ತಾನ ಬೆರಳಲ್ಲಿ ಎರಡೂವರೆ ಅನ್ಕೋ.”

“ಮತ್ತೆ ನೋಡಿ.”

“ಎರಡು. ಚಹಾ ಕುಡಿಯೋಣ್ವಾ?”

ಚಹಾ ಆರಿತು. ಕುಮ್ರಿ ಏಳು ಸಲ ಬಗ್ಗಿ ಎದ್ದಳು. ಏಳು ಸಲವೂ ಎರಡು ಬೆರಳು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಬೆನ್ನು ಸುಳ್ಳು ಹೇಳುತ್ತಿದೆ, ಸರಿ. ಆದರೆ ಒಂದೇ ಸುಳ್ಳನ್ನು ಹೇಳುತ್ತಿದೆ. ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಅದನ್ನು ಯಾರೂ ಒಡೆದು ಹಾಕುವುದಿಲ್ಲ, ಹತ್ತು ಕೂಡಿಸಿಕೊಂಡು ಬಸ್ಸು ಹಿಡಿಯುತ್ತಾರೆ. ಬೆನ್ನು ನೆಟ್ಟಗಿದ್ದೇನೆ ಎಂದ ಮೇಲೆ ಎರಡು ಬೆರಳು ಹಿಂದಕ್ಕೆ ಹೋದರಾಯಿತು. ಮತ್ತೆ ಕಣ್ಣು ಕಟ್ಟಿಕೊಂಡಳು. ಬಗ್ಗಿ ಎದ್ದಳು. ನೆಟ್ಟಗಾದೆ ಅನ್ನಿಸಿದ ಮೇಲೂ ನಿಲ್ಲದೆ, ಬೀಳುತ್ತೇನೆ ಅನ್ನಿಸುವವರೆಗೆ ಹಿಂದಕ್ಕೆ ಹೋಗಿ ಆಯ್ತು ಎಂದಳು.

ಸವ್ರಿ ಬಗ್ಗಿ ನೋಡಿದಳು. “ತಾಗ್ತಾ ಇದೆ. ಅಯ್ಯೋ, ಇದೇನ್ ಮಾಡ್ದೆ?”

“ಅಭ್ಯಾಸ ಮಾಡ್ದೆ.”

ಒಂಬತ್ತು ಗಂಟೆಯವರೆಗೆ ಅದನ್ನೇ ಮಾಡಿದಳು. ಗೋಡೆಯ ಹತ್ತಿರ, ಬಾಗಿಲ ಚೌಕಟ್ಟಿನ ಹತ್ತಿರ, ಕಾಲುವೆಯ ಕಟ್ಟೆಯ ಮೇಲೆ. ರೊಟ್ಟಿಯನ್ನು ನಿಂತೇ ತಿಂದಳು. ಆಮೇಲೆ ಉಸ್ತಾನ ಅಂಗಳಕ್ಕೆ ಹೋಗಿ ಇನ್ನೊಮ್ಮೆ ಅಳೆಯಿರಿ ಎಂದಳು. ಅವನು ಅಳೆದ. ದಾರ ಬೆನ್ನಿಗೆ ತಾಗಿತು. ಎರಡನೆಯ ಸಲವೂ, ಮೂರನೆಯ ಸಲವೂ ತಾಗಿತು. ಮುದುಕ ಕಣ್ಣಿನ ಬಟ್ಟೆ ಬಿಚ್ಚಿ ಅವಳ ಮುಖ ನೋಡಿದ.

“ಒಂದೇ ರಾತ್ರಿಗೆ ಹೋಯ್ತಾ?”

“ಹೋಯ್ತು ಉಸ್ತಾ. ಹಲಗೆ ಮೇಲೆ ಮಲಗಿದ್ದೆ.”

ಹದಿನಾರು ವರ್ಷದಲ್ಲಿ ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಅವನು ನಂಬಿದ. ನಂಬಬೇಕು ಎಂದು ಅವನಿಗೂ ಆಸೆ ಇತ್ತು.

ಶಾಲೆಯ ಬಯಲಿನಲ್ಲಿ ಹತ್ತಿಯ ಗುಡ್ಡೆ ಹಾಕಿದ್ದರು. ಅದರ ಮುಂದೆ ಸಿಮೆಂಟಿನ ವೇದಿಕೆ, ಕುರ್ಚಿಗಳು, ಹೋಕಿಮ್. ದೊಡ್ಡ ಕಡಾಯಿಗಳಲ್ಲಿ ಪಲಾವ್ ಬೇಯುತ್ತಿತ್ತು. ಹಗ್ಗ ಎಂಟು ಮೀಟರ್ ಎತ್ತರದಲ್ಲಿ, ಒಂದು ಅಟ್ಟಣೆಯಿಂದ ಇನ್ನೊಂದಕ್ಕೆ ಮೂವತ್ತು ಹೆಜ್ಜೆ. ಕಣ್ಣು ಕಟ್ಟಿದ ನಡಿಗೆಗೆ ಕೆಳಗೆ ನಾಲ್ಕು ಜನ ದಪ್ಪ ರಜಾಯಿಯೊಂದನ್ನು ಹಿಡಿದು ಜೊತೆಜೊತೆಗೆ ನಡೆಯುವುದು ವಾಡಿಕೆ. ಡೋಲು ಶುರುವಾಯಿತು. ಉಸ್ತಾ ಅಂಗೈ ಬಿಡಿಸಿ ಪ್ರಾರ್ಥಿಸಿದ. ಎಲ್ಲರೂ ಆಮೀನ್ ಎಂದು ಮುಖ ಸವರಿಕೊಂಡರು.

ತೋಲಿಬ್ ಮೊದಲು ಹತ್ತಿದ. ಹೋಗುವಾಗ ಚೆನ್ನಾಗಿಯೇ ಹೋದ. ಬರುವಾಗ ಹನ್ನೊಂದನೆಯ ಹೆಜ್ಜೆಗೆ ನಿಂತ. ಕೋಲು ನಡುಗಿತು. ಡೋಲು ಬಡಿಯುವವರು ಕಾದರು. ಅವನು ಒಂದು ಕೈಯಿಂದ ಕಣ್ಣಿನ ಬಟ್ಟೆಯನ್ನು ಕೆಳಕ್ಕೆ ಎಳೆದು, ನೋಡಿಕೊಂಡು ಬಂದುಬಿಟ್ಟ. ಜನ ಚಪ್ಪಾಳೆ ತಟ್ಟಿದರು, ಅವರಿಗೇನು. ಉಸ್ತಾ ತಟ್ಟಲಿಲ್ಲ. ಏಣಿ ಇಳಿದು ಬಂದ ತೋಲಿಬ್ ಕೋಲನ್ನು ಕುಮ್ರಿಯ ಕೈಗೆ ಕೊಡುತ್ತಾ, ಈ ಸಲ ಅವನ ಮಾತಿನಲ್ಲಿ ನಗೆ ಇರಲಿಲ್ಲ, “ತಗೊಳಿ ಓಪಾ, ಇದು ನಿಮ್ದೇ” ಎಂದ.

ಕುಮ್ರಿ ಅಟ್ಟಣೆಯ ಮೇಲೆ ನಿಂತಳು. ಕಣ್ಣು ಕಟ್ಟಿದರು. ನೆಟ್ಟಗಾದೆ ಅನ್ನಿಸಿತು. ಎರಡು ಬೆರಳು ಹಿಂದಕ್ಕೆ ಹೋದಳು. ಹೆಜ್ಜೆ ಇಟ್ಟಳು.

ಲೆಕ್ಕ ಸರಿಯಾಗಿತ್ತು. ಬೀಳುತ್ತಿದ್ದೀಯೆ ಎಂದು ಬೆನ್ನು ಒಂದೇ ಸಮನೆ ಕಿರುಚುತ್ತಿತ್ತು, ಪಾದ ಹಗ್ಗದ ಮೇಲೆ ಭದ್ರವಾಗಿತ್ತು. ಅವಳು ಬೆನ್ನಿನ ಮಾತು ಕೇಳಲಿಲ್ಲ. ಹತ್ತು, ಇಪ್ಪತ್ತು, ಮೂವತ್ತು. ಆಚೆಯ ಅಟ್ಟಣೆಯ ಹಲಗೆ ಕಾಲಿಗೆ ಸಿಕ್ಕಿತು. ಮೈ ಬೆವೆತಿತ್ತು. ಸೊಂಟದ ಬಿಗಿ ಎಲ್ಲ ಸಡಿಲವಾಗಿ ಬಿಸಿಯಾಗಿತ್ತು. ನಲವತ್ತೊಂದು ದಿನದಲ್ಲಿ ಮೊದಲ ಸಲ ಬೆನ್ನು ಹಾಯಾಗಿದೆ ಎಂದುಕೊಂಡಳು. ಯಾಕೆ ಹಾಯಾಗಿದೆ ಎಂದು ಯೋಚಿಸಲಿಲ್ಲ. ತಿರುಗಿದಳು. ನೆಟ್ಟಗಾದೆ ಅನ್ನಿಸಿತು. ಎರಡು ಬೆರಳು ಹಿಂದಕ್ಕೆ.

ಏಳನೆಯ ಹೆಜ್ಜೆಯಲ್ಲಿ ಮುಂದಿನ ಪಾದಕ್ಕೆ ಹಗ್ಗ ತೀರಾ ಹಗುರವಾಗಿ ತಾಗಿತು. ಭಾರವೆಲ್ಲ ಹಿಮ್ಮಡಿಗೆ ಹೋಗಿತ್ತು. ನೀನು ಹಿಂದಕ್ಕೆ ವಾಲಿದ್ದೀಯೆ ಎಂದಿತು ಬೆನ್ನು. ಬೆಳಗಿನಿಂದ ಅದು ಹೇಳುತ್ತಿದ್ದುದೂ ಇದನ್ನೇ, ಇದೇ ಧಾಟಿಯಲ್ಲಿ. ಇವಳು ನಂಬಲಿಲ್ಲ. ಒಂಬತ್ತನೆಯ ಹೆಜ್ಜೆಯಲ್ಲಿ ಕೋಲಿನ ತುದಿ ಏರಿತು. ಬಟ್ಟೆಗೆ ಕೈ ಹಾಕಬಹುದಿತ್ತು. ಹಾಕಿದ್ದರೆ ತೋಲಿಬ್‌ಗೂ ಅವಳಿಗೂ ಸಮವಾಗುತ್ತಿತ್ತು. ಹನ್ನೆರಡನೆಯ ಹೆಜ್ಜೆಗೆ ಹಿಂದಿನ ಹಿಮ್ಮಡಿ ಜಾರಿತು.

ಬೀಳುವಾಗ ಅವಳು ಕೋಲನ್ನು ಬಿಟ್ಟು ಹಗ್ಗಕ್ಕೆ ಕೈ ಚಾಚಿದಳು. ಬಾಯಿ ಹಗ್ಗಕ್ಕೆ ಬಡಿಯಿತು. ಎಡಗೈ ಸಿಕ್ಕಿತು, ಭುಜದಲ್ಲಿ ಏನೋ ಲಟಕ್ಕೆಂದಿತು, ಕೈ ಬಿಟ್ಟುಹೋಯಿತು. ರಜಾಯಿಯವರು ಓಡಿ ಬಂದಿದ್ದರು. ಅವಳ ಅರ್ಧ ಮೈ ರಜಾಯಿಯ ಮೇಲೆ, ಅರ್ಧ ನೆಲದ ಮೇಲೆ ಬಿತ್ತು. ಕೋಲು ವೇದಿಕೆಯ ಮೆಟ್ಟಿಲಿನ ಅಂಚಿಗೆ ಬಡಿದು ಎರಡಾಯಿತು. ಹೋಕಿಮ್ ಎದ್ದು ನಿಂತ, ಆಮೇಲೆ ಕೂತ. ಡೋಲು ನಿಂತಿತು.

ಸವ್ರಿ ಜನರನ್ನು ತಳ್ಳಿಕೊಂಡು ಬಂದು, ಯಾರೂ ಎತ್ತಬೇಡಿ ಎಂದು ಬೈದು, ಅವಳ ಕಾಲಿನ ಬೆರಳು ಒಂದೊಂದನ್ನೂ ಚಿವುಟಿದಳು. ಎಲ್ಲ ಬೆರಳುಗಳಿಗೂ ನೋವು ಗೊತ್ತಾಗುತ್ತಿತ್ತು. ಕಣ್ಣಿನ ಬಟ್ಟೆ ಬಿಚ್ಚಿದವನು ಉಸ್ತಾ. ಅವನು ಕೋಲಿನ ಕಡೆ ನೋಡಿರಲಿಲ್ಲ. ಮಂಡಿಯೂರಲು ಆಗದೆ ನೆಲಕ್ಕೆ ಕುಕ್ಕರಿಸಿದ.

“ಎಷ್ಟು ಬೆರಳು ಹಿಡ್ಕೊಂಡಿದ್ದೆ?”

ಬಾಯಲ್ಲಿ ರಕ್ತ ತುಂಬಿತ್ತು. ಅವಳು ಬಲಗೈಯ ಎರಡು ಬೆರಳು ತೋರಿಸಿದಳು.

ಮುದುಕ ಆ ಬೆರಳುಗಳನ್ನು ಹಿಡಿದುಕೊಂಡ. “ಹೋಗೋವಾಗ ಎರಡಿತ್ತು” ಎಂದ. “ಬರೋವಾಗ ಇರ್ಲಿಲ್ಲ. ಮೈ ಬಿಸಿಯಾದ್ಮೇಲೆ ಬೆನ್ನು ನಿಜ ಹೇಳಕ್ಕೆ ಶುರು ಮಾಡಿತ್ತು. ಅದು ಯಾವಾಗ ಸುಳ್ಳು, ಯಾವಾಗ ನಿಜ ಅಂತ ಗೊತ್ತಾಗಲ್ಲ, ಮಗಳೇ. ಅದಕ್ಕೇ ಮೂರು ದಿನ.”

ಆಸ್ಪತ್ರೆಯ ವ್ಯಾನು ಬರುವವರೆಗೆ ತೋಲಿಬ್ ಕೋಲಿನ ಎರಡು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡುತ್ತಿದ್ದ. ಸೀಳು ಉದ್ದಕ್ಕೆ ಹೋಗಿತ್ತು. ತಂತಿ ಸುತ್ತಿದರೆ ನಿಲ್ಲುತ್ತದೇನೋ ಎಂದ. ಕಡಾಯಿಗಳ ಮುಚ್ಚಳ ತೆಗೆದರು. ಜನ ತಟ್ಟೆಗಳ ಕಡೆಗೆ ಹೊರಟರು.

ಎಡ ಭುಜದ ಮೂಳೆ ಚಳಿಗಾಲ ಮುಗಿಯುವ ಹೊತ್ತಿಗೆ ಕೂಡಿಕೊಂಡಿತು, ಕೈ ಮಾತ್ರ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ. ಮಾರ್ಚಿನಲ್ಲಿ ಉಸ್ತಾ ಮತ್ತೆ ದಾರ ಇಳಿಬಿಟ್ಟು ನೋಡಿದ. ಅದು ಅವಳ ಬೆನ್ನಿಗೆ ತಾಗಿತು. ಬೆನ್ನಿಗೆ ಏನೂ ಆಗಿರಲಿಲ್ಲ. ಹೋದದ್ದು ಮುಂದಿನ ಹಲ್ಲು ಎರಡು, ಒಂದು ಕೈಯ ಅರ್ಧ ಬಲ, ಒಂದು ಕೋಲು.