ಹೂ ಬರೆದ ಕ್ಯಾಲೆಂಡರು

"ಇದರಲ್ಲಿ ರಾತ್ರಿ ಎಲ್ಲಿದೆ?" ಎನ್ನುತ್ತ ಕುಟುಂಬ ನ್ಯಾಯಾಲಯದ ಗುಮಾಸ್ತ ಕ್ಯಾಲೆಂಡರನ್ನು ಮತ್ತೊಮ್ಮೆ ತಿರುವಿಹಾಕಿದ.

ಬೇಕರಿಯವನು ಅದನ್ನು ಗೋಡೆಯ ಮೊಳೆಯಿಂದ ಬಿಡಿಸಿ ತಂದಿದ್ದ. ಅವನೂ ಹೆಂಡತಿಯೂ ಬೇರೆಯಾಗಿ ಎಂಟು ತಿಂಗಳು. ಶಾಲೆ ಬಿಟ್ಟು ಅಪ್ಪನ ಕೋಣೆಗೆ ಬಂದ ದಿನಗಳಲ್ಲೆಲ್ಲ ಮಗಳು ಅದರಲ್ಲಿ ಒಂದೊಂದು ಹೂ ಬರೆದಿದ್ದಳು. ಹೂವಿಲ್ಲದ ಚೌಕವನ್ನು ಹುಡುಕಬೇಕಾಗಿತ್ತು. ಊಟ, ಪಾಠ, ಜ್ವರ ಬಂದರೆ ಆಸ್ಪತ್ರೆ, ಎಲ್ಲ ಅವನದೇ. ರಾತ್ರಿ ಎಂಟು ಗಂಟೆಗೆ ಅವಳನ್ನು ತಾಯಿಯ ಮನೆಗೆ ಬಿಟ್ಟು ಅವನು ಬೇಕರಿಯ ಒಲೆಯ ಮುಂದೆ ನಿಲ್ಲುತ್ತಿದ್ದ. ಊರಿಗೆ ಬೆಳಗಾದರೆ ಬ್ರೆಡ್ಡು ಬೇಕಲ್ಲ.

ಗುಮಾಸ್ತ ನಿಯಮವನ್ನು ತಾಳ್ಮೆಯಿಂದಲೇ ಹೇಳಿದ. ಮಗು ಯಾರ ಮನೆಯಲ್ಲಿ ಮಲಗುತ್ತದೋ ಆ ದಿನ ಅವರದು. ಮೂರರಲ್ಲಿ ಒಂದು ರಾತ್ರಿಯಾದರೂ ತಂದೆಯ ಬಳಿ ಕಳೆದರೆ ಪಾಲನೆ ಇಬ್ಬರದು, ಅವನು ಕೊಡುವ ಜೀವನಾಂಶ ಇಳಿಯುತ್ತದೆ. ಇಲ್ಲವಾದರೆ ಪೂರ್ತಿ. ದೇವರು ದಿನವನ್ನು ಹಗಲೂ ರಾತ್ರಿಯೂ ಸೇರಿಸಿಯೇ ಮಾಡಿದ. ಕಾಗದ ಮಾಡಿದವರು ಅರ್ಧ ಮರೆತರು. ಪೂರ್ತಿ ಕೊಟ್ಟರೆ ಬಾಡಿಗೆಗೆ ಉಳಿಯದು, ಶಾಲೆಯ ಪಕ್ಕದ ಆ ಕೋಣೆಯನ್ನು ಬಿಡಬೇಕು. ಕೋಣೆ ಹೋದರೆ ಮಗಳು ಬರುವ ಮಧ್ಯಾಹ್ನಗಳೂ ಹೋದವು.

"ಹಗಲು ಪಾಳಿ ತಗೊಳ್ಳಿ, ಸರಿಹೋಗುತ್ತೆ."

"ಆಗ ಮೂರು ಗಂಟೆಗೆ ಅವಳಿಗೆ ಬಾಗಿಲು ತೆಗೆಯೋರು ಯಾರು ಸ್ವಾಮಿ? ನಿದ್ದೆ ಮಾಡೋ ಮಗೂನ ಕಾದರೆ ಲೆಕ್ಕ. ಎದ್ದಿರೋ ಮಗೂನ ಸಾಕಿದರೆ ಲೆಕ್ಕಕ್ಕೇ ಇಲ್ವಾ?"

ಪಕ್ಕದ ಕುರ್ಚಿಯಲ್ಲಿದ್ದ ಮಗುವಿನ ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ಇವರು ಹೇಳೋದು ನಿಜ ಸಾರ್. ಅವಳು ನನ್ನ ಹತ್ರ ಬರೋದೇ ನಿದ್ದೆಗೆ. ಆದರೆ ದುಡ್ಡು ಕಮ್ಮಿಯಾದರೆ ನನ್ನ ಮನೆ ಬಾಡಿಗೆಯೂ ನಿಂತುಹೋಗುತ್ತೆ."

"ಇಷ್ಟು ಒಮ್ಮತದಲ್ಲಿ ಮಾತಾಡೋ ನೀವು ಬೇರೆ ಯಾಕಾದ್ರೀಮ್ಮ?" ಎಂದ ಗುಮಾಸ್ತ. ಅವನು ರಾತ್ರಿಯ ಕಾಲಮಿನಲ್ಲಿ ಸೊನ್ನೆ ಬರೆದು ಮೊಹರು ಒತ್ತಿದ.

ಮೂರು ಗಂಟೆಗೆ ಮಗಳು ಬಂದಳು. ಮೊಳೆ ಬರಿದಾಗಿರುವುದನ್ನು ಕಂಡು ಕ್ಯಾಲೆಂಡರು ಎಲ್ಲಿ ಎಂದು ಕೇಳಿದಳು. ಅವನು ಚೀಲದಿಂದ ತೆಗೆದುಕೊಟ್ಟ. ಅವಳು ಮಡಿಕೆಯನ್ನು ಅಂಗೈಯಿಂದ ನೀವಿ, ಆ ದಿನದ ಹೂ ಬರೆದು, ಶೂ ಕಳಚದೆ ಅಪ್ಪನ ಮಂಚದ ಮೇಲೆ ಉರುಳಿಕೊಂಡಳು. ಎರಡು ನಿಮಿಷದಲ್ಲಿ ನಿದ್ದೆ.

ಬೇರೆ ದಿನವಾಗಿದ್ದರೆ, ಈಗ ಮಲಗಿದರೆ ರಾತ್ರಿ ನಿದ್ದೆ ಬರದು ಎಂದು ಎಬ್ಬಿಸುತ್ತಿದ್ದ. ಇಂದು ಶೂಗಳ ದಾರ ಬಿಚ್ಚಿ, ಸದ್ದಾಗದಂತೆ ಕೆಳಗಿಟ್ಟ. ಕಿಟಕಿಯಲ್ಲಿ ಬಿಸಿಲು ಉರಿಯುತ್ತಿತ್ತು. ಹೋಗಿ ಪರದೆಯನ್ನು ಪೂರ್ತಿ ಎಳೆದ.