ಪಾಪ ಅಂದವರಿಗೆ ಬಸ್ಕಿ

ಬುಗುರಿಯ ಕಾಲು ಉಳುಕಿದ್ದು ಹೋದ ವರ್ಷ, ಬಸ್ಸಿನಿಂದ ಇಳಿಯುವಾಗ. ಉಳುಕು ಸರಿಹೋಯಿತು, ಬಾವು ಇಳಿಯಿತು, ಪಟ್ಟಿಯನ್ನೂ ಬಿಚ್ಚಿದ್ದಾಯಿತು. ನೋವು ಮಾತ್ರ, ಎರಡು ದಿನಕ್ಕೆಂದು ಬಂದ ನೆಂಟ ಚಾಪೆ ಹಾಸಿಕೊಂಡ ಹಾಗೆ, ಅಲ್ಲೇ ಉಳಿಯಿತು. ಹಿಮ್ಮಡಿಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ ಸಂಸಾರ ಬೆಳೆಸಿತು. ಎಕ್ಸ್‌ರೇ ನೋಡಿದವರೆಲ್ಲ "ಮೂಳೆ ಚೆನ್ನಾಗಿದೆ" ಎಂದರು. ಮೂಳೆ ಚೆನ್ನಾಗಿದ್ದ ಆ ಹುಡುಗಿ ಹದಿನೈದನೇ ವಯಸ್ಸಿಗೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಳು.

ನಿಂತ ಕಡೆ ನಿಲ್ಲದವಳೆಂದು ಅಜ್ಜಿಯೇ ಇಟ್ಟ ಅಡ್ಡಹೆಸರು ಬುಗುರಿ. ಈಗ ಆ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅದರ ಜಾಗದಲ್ಲಿ 'ಪಾಪ' ಬಂದು ಕೂತಿತ್ತು. ಪಾಪ, ಅವಳಿಗೆ ದಿಂಬು ಕೊಡು. ಪಾಪ, ಅವಳನ್ನ ಏಳಿಸಬೇಡ. ಅಜ್ಜಿಯಂತೂ ಹೊಲಿಗೆ ಮಿಷನ್ನು ತುಳಿಯುತ್ತಲೇ, ಮಿಷನ್ನಿನ ತಾಳಕ್ಕೆ ಸರಿಯಾಗಿ, ಪಾಪ ಪಾಪ ಪಾಪ ಅನ್ನುತ್ತಿದ್ದಳು.

ರಜೆಗೆ ಮುಂಚೆ ಶಾಲೆಯ ದೊಡ್ಡ ಮೇಡಂ ಫೋನು ಮಾಡಿದರು. "ಪಾಪ, ಅವಳ ಕ್ಲಾಸು ಮೂರನೇ ಮಹಡಿಲಿದೆ. ಹತ್ತೋದು ಬೇಡ. ಕೆಳಗೆ ಒಂದು ರೂಮಿದೆ, ಒಬ್ಬಳೇ ಆರಾಮಾಗಿ ಕೂತು ಓದ್ಕೊಳ್ಳಲಿ."

ಆ ರೂಮು ಬುಗುರಿಗೆ ಗೊತ್ತಿತ್ತು. ಕಾಲು ಮುರಿದ ಬೆಂಚು, ಹರಿದ ಭೂಪಟಗಳನ್ನೆಲ್ಲ ತಂದು ಒಟ್ಟುವ ಜಾಗ.

"ನಾನೇನು ಮುರಿದ ಬೆಂಚಾ?" ಎಂದು ಅವಳು ಅಪ್ಪನ ಕೈಯಿಂದ ಫೋನು ಕಿತ್ತುಕೊಂಡಳು. "ಮೇಡಂ, ರಜೆ ಮುಗಿದ ದಿನ ಮೇಲೆ ಬರ್ತೀನಿ. ನನ್ನ ಬ್ಯಾಗು ನಾನೇ ಹೊತ್ಕೊಂಡು."

"ಹತ್ತಿದರೆ ಸಂತೋಷ ಕಣಮ್ಮ. ಆಗದಿದ್ರೆ ಕೆಳಗಿನ ರೂಮು."

ಮಾತು ಬಾಯಿಂದ ಬಿದ್ದಾಗಿತ್ತು, ಇನ್ನು ಕಾಲು ಏಳಬೇಕಿತ್ತು. ಮಕ್ಕಳ ಆಸ್ಪತ್ರೆಯಲ್ಲಿ ಇಂಥ ನೋವಿಗೆಂದೇ ಎರಡು ಕೋಣೆಗಳಿದ್ದವು. ಒಂದರಲ್ಲಿ ಮಾತಿನ ಡಾಕ್ಟರು, ಇನ್ನೊಂದರಲ್ಲಿ ಕಸರತ್ತಿನ ಡಾಕ್ಟರು. ಕಸರತ್ತಿನ ಕೋಣೆಯಲ್ಲಿ ನಿಂತಲ್ಲೇ ಓಡುವ ಸೈಕಲ್ಲು, ಎಳೆಯುವ ರಬ್ಬರ್ ಪಟ್ಟಿ, ನಡುಮಧ್ಯೆ ಎಲ್ಲಿಗೂ ಹೋಗದ ಒಂದು ಮರದ ಮೆಟ್ಟಿಲು: ಈ ಕಡೆ ಹತ್ತಿ ಆ ಕಡೆ ಇಳಿದರೆ ಮುಗಿಯಿತು.

ಅಪ್ಪ ಗ್ಯಾರೇಜಿನವನು, ನೇರ ಮನುಷ್ಯ. "ಮೂಳೆ ಸರಿ ಇದೆ ಅಂತೀರಿ. ಹಂಗಾದ್ರೆ ನನ್ನ ಮಗಳು ಸುಳ್ಳು ಹೇಳ್ತಿದಾಳಾ?"

"ಖಂಡಿತ ಇಲ್ಲ," ಎಂದರು ಕಸರತ್ತಿನ ಡಾಕ್ಟರು, ಬುಗುರಿಯ ಭುಜದಷ್ಟೇ ಎತ್ತರದ ಗಟ್ಟಿ ಹೆಂಗಸು. "ನೋವು ನಿಜ. ಆದ್ರೆ ನಿಮ್ಮ ಗ್ಯಾರೇಜಿಗೆ ಹಾರನ್ ಸಿಕ್ಕಿಕೊಂಡ ಗಾಡಿ ಬರಲ್ವಾ? ಮುಂದೆ ಯಾರೂ ಇಲ್ಲ, ಆದ್ರೂ ಬಡ್ಕೊಳ್ತಾನೇ ಇರುತ್ತೆ. ಇವಳ ನರಗಳದ್ದೂ ಅದೇ ಕಥೆ."

"ನಾವು ವೈರ್ ಕಿತ್ತು ಹಾಕ್ತೀವಿ."

"ಇಲ್ಲಿ ಕೀಳಕ್ಕಾಗಲ್ಲ. ಹಾರನ್ ಹೊಡ್ಕೊಂಡೇ ಗಾಡಿ ಓಡಿಸಬೇಕು. ದಿನಾ ಸ್ವಲ್ಪ ಸ್ವಲ್ಪ. ಓಡ್ತಾ ಓಡ್ತಾ ಅದರ ಗಂಟಲು ಇಳಿಯುತ್ತೆ. ಕಾಲು ಮೊದಲು ಸರಿಹೋಗುತ್ತೆ, ನೋವು ಆಮೇಲೆ."

ಪಕ್ಕದ ಕೋಣೆಯಲ್ಲಿ ಮಾತಿನ ಡಾಕ್ಟರು ಕೇಳಿದರು, "ನೋವು ನಿಂಗೆ ಏನನ್ನುತ್ತೆ?"

"ಕೂತ್ಕೋ ಅನ್ನುತ್ತೆ."

"ನೀನೇನಂತೀಯ?"

ಬುಗುರಿ ಯೋಚಿಸಿದಳು. "ಇಷ್ಟು ದಿನ ಹೂಂ ಅಂದಿದೀನಿ."

ಹೊರಡುವಾಗ ಅವರು ಮನೆಯವರಿಗೂ ಒಂದು ಔಷಧಿ ಕೊಟ್ಟರು. ಗಳಿಗೆಗೊಮ್ಮೆ 'ನೋವು ಹೇಗಿದೆ' ಎಂದು ಕೇಳಬಾರದು, 'ಪಾಪ' ಅನ್ನಲೇಬಾರದು. ಮರೆತು ಅಂದರೆ? ಅದಕ್ಕೆ ಶಿಕ್ಷೆ ಬರೆದವನು ಅಪ್ಪ, ದಾರಿಯಲ್ಲಿ ಗಾಡಿ ಓಡಿಸುತ್ತ: "ಅಂದವರು ನಿಂತ ಜಾಗದಲ್ಲೇ ಬಸ್ಕಿ ಹೊಡೀಬೇಕು."

ಮೊದಲ ದಿನವೇ ಅಜ್ಜಿ ಎಷ್ಟು ಬಸ್ಕಿ ಹೊಡೆದಳೆಂದರೆ ಹೊಲಿಗೆಯ ಗಿರಾಕಿಗಳು ಬಾಗಿಲಲ್ಲೇ ನಿಂತು ನೋಡಿದರು. ಆಮೇಲೆ ಉಪಾಯ ಕಲಿತಳು. "ಅಯ್ಯೋ ಪಾ... ಪಾತ್ರೆ ತೊಳೀಬೇಕಿತ್ತು" ಎಂದು ಎದ್ದು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಕಿಟಕಿಯ ಕುಂಡ ನೋಡಿ, "ಪಾಪಾಸುಕಳ್ಳಿಗೆ ಯಾರೂ ನೀರು ಹಾಕಿಲ್ವಾ?" ಎಂದಳು.

"ಅಜ್ಜೀ, ಬಸ್ಕಿ!"

"ಗಿಡದ ಹೆಸರು ಕಣೇ ಅದು!"

"ಕಾನೂನಿಗೆ ಗಿಡ ಗೊತ್ತಿಲ್ಲ."

ಬುಗುರಿ ನಕ್ಕಳು. ಆ ಮನೆ ಅವಳ ನಗು ಕೇಳಿ ಬಹಳ ಕಾಲವಾಗಿತ್ತು.

ಆದರೆ ಕಸರತ್ತು ನಗೆಯಲ್ಲಿ ಮುಗಿಯುವ ಬಾಬತ್ತಲ್ಲ. ಮೊದಮೊದಲು ನೋವು ಇಳಿಯುವ ಬದಲು ಏರಿತು. ಎಲ್ಲಿಗೂ ಹೋಗದ ಮೆಟ್ಟಿಲನ್ನು ಹತ್ತಿ ಇಳಿದು ಮನೆಗೆ ಬಂದ ಒಂದು ಮಧ್ಯಾಹ್ನ ಅವಳು ಬೂಟು ಬಿಸಾಡಿ ನೆಲದಲ್ಲಿ ಮಲಗಿಬಿಟ್ಟಳು. "ಸಾಕು. ಆ ಗೋಡೌನೇ ಸಾಕು ನಂಗೆ. ಮುರಿದ ಬೆಂಚೇ ನಾನು."

ಅಜ್ಜಿಯ ಕೈಯ ಕತ್ತರಿ ಕೆಳಗೆ ಬಿತ್ತು. "ಪಾಪ, ನನ್ನ ಕಂದ," ಎಂದಳು. ನಾಲಗೆ ಕಚ್ಚಿಕೊಂಡಳು. ಮೇಜಿನ ಅಂಚು ಹಿಡಿದಳು. ಮೊಣಕಾಲು ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರ್ರೆನ್ನುತ್ತಿರಲು ಕೂತಳು, ಎದ್ದಳು, ಮತ್ತೆ ಕೂತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನೋಯಲ್ವಾ ನಿಂಗೆ?" ನೆಲದಿಂದಲೇ ಕೇಳಿದಳು ಬುಗುರಿ.

"ನೋಯದೆ ಏನು? ಪ್ರಾಣ ಹೋಗುತ್ತೆ."

"ಮತ್ಯಾಕೆ ಹೊಡೀತಿದೀಯ?"

"ಕಾನೂನು ಅಂದ್ಮೇಲೆ ಕಾನೂನು. ಬುಗುರಿ ನಿಂತ್ರೆ ಬೀಳುತ್ತೆ ಕಣೇ. ತಿರುಗ್ತಿದ್ರೇನೇ ನೆಟ್ಟಗಿರೋದು."

ಎಷ್ಟೋ ತಿಂಗಳ ಮೇಲೆ ಆ ಹೆಸರು ಅಜ್ಜಿಯ ಬಾಯಿಂದ ಬಂದಿತ್ತು. ಬುಗುರಿ ತೆವಳಿಕೊಂಡು ಹೋಗಿ ಬಿಸಾಡಿದ ಬೂಟನ್ನು ಎಳೆದುಕೊಂಡಳು.

ಶಾಲೆ ಶುರುವಾದ ದಿನ ಬುಗುರಿ ಅಜ್ಜಿಯ ಜೊತೆ ಬಂದಾಗ ದೊಡ್ಡ ಮೇಡಂ ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ಕೈಯಲ್ಲಿ ಕೆಳಗಿನ ರೂಮಿನ ಬೀಗದಕೈ. "ಪಾಪ, ಬಂದೇಬಿಟ್ಯಾ? ಪಾಪ, ಬ್ಯಾಗು ಆ ಕಡೆ ಇಡು."

"ಬ್ಯಾಗು ಬೆನ್ನ ಮೇಲೇ ಇರಲಿ ಮೇಡಂ," ಎಂದು ಬುಗುರಿ ಹತ್ತತೊಡಗಿದಳು.

ಮೊದಲ ಮಹಡಿ ಹೋಗಿದ್ದೇ ತಿಳಿಯಲಿಲ್ಲ. ಎರಡನೆಯದರ ತಿರುವಿನಲ್ಲಿ ಹಾರನ್ ಶುರುವಾಯಿತು. ಹಿಮ್ಮಡಿ, ಮೊಣಕಾಲು, ಸೊಂಟ ಎಲ್ಲ ಒಟ್ಟಿಗೇ ಬಾಯಿಬಿಟ್ಟವು: ಕೂತ್ಕೋ. ಅವಳು ಕಂಬಿ ಹಿಡಿದು ನಿಂತಳು. ಮೇಲಿನಿಂದ ಮಕ್ಕಳು ಇಣುಕುತ್ತಿದ್ದರು. ಬೆವರು ಕಣ್ಣಿಗೆ ಇಳಿಯಿತು. ಇನ್ನೇನು ಹೂಂ ಅನ್ನಬೇಕು, ಆಗ ಕೆಳಗಿನಿಂದ ತಡೆಯಲಾರದ ಒಂದು ಕೂಗು ಬಂತು.

"ಅಯ್ಯೋ, ಪಾಪ!"

ಬುಗುರಿ ಕಂಬಿಯ ಮೇಲಿಂದ ಬಗ್ಗಿ ನೋಡಿದಳು. ಆಗಲೇ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಶಾಲೆಯ ಹಜಾರದ ನಟ್ಟನಡುವೆ ಬಸ್ಕಿ ಹೊಡೆಯುತ್ತಿದ್ದಳು.

"ಏನಮ್ಮಾ ಇದು?" ದೊಡ್ಡ ಮೇಡಂ ಗಾಬರಿಯಾದರು.

"ನಮ್ಮನೆ ಕಾನೂನು ಮೇಡಂ. ಪಾಪ ಅಂದವರು ಹೊಡೀಬೇಕು. ನೀವೂ ಎರಡು ಸಲ ಅಂದ್ರಿ. ಹೊಸಬರು ಅಂತ ಬಿಟ್ಟಿದೀನಿ."

ಬುಗುರಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ನೋವು ಇತ್ತು, ಎಳ್ಳಷ್ಟೂ ಕಮ್ಮಿಯಾಗಿರಲಿಲ್ಲ. 'ಬಡ್ಕೋ,' ಎಂದಳು ಅದಕ್ಕೆ, 'ಗಂಟಲು ನಿಂದು, ಕಾಲು ನಂದು.' ಕಂಬಿ ಬಿಟ್ಟು ಹತ್ತಿದಳು.

ತರಗತಿಯ ಬಾಗಿಲಲ್ಲಿ ಬೆಂಚಿನ ಗೆಳತಿ ಓಡಿಬಂದಳು. "ಬಾರೇ, ನಿನ್ನ ಜಾಗ ಯಾರಿಗೂ ಬಿಟ್ಟಿಲ್ಲ. ಕೂತ್ಕೋ, ಕೂತ್ಕೋ."

"ಇರೇ, ಕೂತೂ ಕೂತೂ ಸಾಕಾಗಿದೆ. ಸ್ವಲ್ಪ ಹೊತ್ತು ನಿಲ್ತೀನಿ."

ಬ್ಯಾಗನ್ನು ಬೆನ್ನಿನಿಂದ ಇಳಿಸದೆ ಅವಳು ಕಂಬಿಯ ಹತ್ತಿರ ಹೋಗಿ, ಮೂರು ಮಹಡಿಗೂ ಕೇಳುವ ಹಾಗೆ ಕೂಗಿದಳು.

"ಮೇಡಂ! ನಿಮ್ಮದು ಬಾಕಿ ಇದೆ!"