ಪರದೆಯ ಮೇಲಿನ ಪುಟ್ಟ ವಿಮಾನ

ಒಂದು ವರ್ಷದಿಂದ ಡ್ರಾಯರಿನಲ್ಲಿ ಮಲಗಿದ್ದ ಯಂತ್ರದ ಗುಂಡಿಗೆ ಆ ಬೆಳಿಗ್ಗೆ ಆಕಸ್ಮಿಕವಾಗಿ ನನ್ನ ಬೆರಳು ತಾಕಿತು. ಪರದೆ ಬೆಳಗಿತು. ಅದರ ಮೂಲೆಯಲ್ಲಿ ಒಂದು ಪುಟ್ಟ ವಿಮಾನದ ಚಿತ್ರ, ಚಿತ್ರದ ಮೇಲೊಂದು ಅಡ್ಡಗೆರೆ. ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ನಮ್ಮ ಮನೆಯಿಂದ ಇಬ್ಬರು ವಿಮಾನ ಹತ್ತಲು ಹೊರಡುವವರಿದ್ದರು, ನನ್ನ ಗಂಡ ಮತ್ತು ನನ್ನ ಅತ್ತೆ.

ಗೊತ್ತಿಲ್ಲದವರಿಗೆ ಒಂದು ಮಾತು. ಅದು ಡೈವ್ ಕಂಪ್ಯೂಟರ್. ಬೆನ್ನಿಗೆ ಸಿಲಿಂಡರ್ ಹೊತ್ತು ಸಮುದ್ರದಾಳಕ್ಕೆ ಇಳಿಯುವವರು ಕೈಗೆ ಕಟ್ಟಿಕೊಳ್ಳುವ ದಪ್ಪ ವಾಚು ಅಂದುಕೊಳ್ಳಿ. ಎಷ್ಟು ಆಳಕ್ಕೆ ಹೋದಿರಿ, ಎಷ್ಟು ಹೊತ್ತು ಇದ್ದಿರಿ, ಮೈಯೊಳಗೆ ಎಷ್ಟು ಸಾರಜನಕ ಸೇರಿಕೊಂಡಿತು ಎಂದು ಅದು ಲೆಕ್ಕ ಹಾಕುತ್ತಲೇ ಇರುತ್ತದೆ. ದಡಕ್ಕೆ ಬಂದ ಮೇಲೂ ಆ ಸಾರಜನಕ ರಕ್ತ ಬಿಟ್ಟು ಹೋಗಲು ಹೆಚ್ಚೂಕಡಿಮೆ ಒಂದು ದಿನ ಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ರಕ್ತದಲ್ಲಿ ಗುಳ್ಳೆ ಏಳಬಹುದು. ಗುಳ್ಳೆ ಬೆನ್ನುಹುರಿಗೆ ಹೊಕ್ಕರೆ ಕಾಲು ಹೋಗುತ್ತದೆ, ಮಿದುಳಿಗೆ ಹೊಕ್ಕರೆ ಮನುಷ್ಯನೇ ಹೋಗುತ್ತಾನೆ. ಈ ಯಂತ್ರ ಕಟ್ಟಿಕೊಂಡು ನೀರಿಗಿಳಿದವರು ಈಗ ಹಾರಬಾರದು ಎಂದು ಆ ಪುಟ್ಟ ವಿಮಾನ ಹೇಳುತ್ತಿತ್ತು.

ಇಂಥ ಯಂತ್ರಗಳ ರಿಪೇರಿಯೇ ನನ್ನ ಕಸುಬು. ಕೆಳಗೆ ಅಂಗಡಿ, ಮೇಲೆ ಮನೆ. ಈ ಯಂತ್ರ ಮಾತ್ರ ಗಿರಾಕಿಗಳದ್ದಲ್ಲ, ಇವರದು. ಇವರು ಡೈವಿಂಗ್ ಕಲಿಸುತ್ತಿದ್ದವರು. ಹೋದ ವರ್ಷ ಗಾಬರಿಬಿದ್ದು ಮೇಲೆ ಧಾವಿಸಿದ ಒಬ್ಬ ಶಿಷ್ಯನನ್ನು ಹಿಡಿಯಲು ಹೋಗಿ ತಾವೂ ಅವಸರದಲ್ಲಿ ಮೇಲೆ ಬಂದರು. ಅದೇ ಗುಳ್ಳೆ ಬೆನ್ನುಹುರಿಗೆ ಹೊಕ್ಕಿತು. ಆಮೇಲೆ ಆಸ್ಪತ್ರೆ, ಗುಳ್ಳೆ ಕರಗಿಸುವ ಒತ್ತಡದ ಕೋಣೆ, ತಿಂಗಳುಗಟ್ಟಲೆ ಊರುಗೋಲು. ಎಡಗಾಲು ಇವತ್ತಿಗೂ ಸ್ವಲ್ಪ ಎಳೆಯುತ್ತದೆ. ಇನ್ನೊಂದು ಸಲ ಇಳಿದರೆ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು. ಯಂತ್ರವನ್ನು ಅವತ್ತೇ ನಾನು ಡ್ರಾಯರಿಗೆ ಹಾಕಿದ್ದೆ.

ಈಗ ಹೇಳಿ, ಡ್ರಾಯರಿನಲ್ಲಿ ಸಮುದ್ರ ಎಲ್ಲಿಂದ ಬಂತು?

ನಾನು ಅನುಮಾನದ ಹೆಂಗಸು, ಒಪ್ಪುತ್ತೇನೆ. ಈ ಕಸುಬಿನಲ್ಲಿ ನಂಬಿಕೆ ಇಟ್ಟುಕೊಂಡು ಕೂತರೆ ಯಾರದೋ ಪ್ರಾಣ ಹೋಗುತ್ತದೆ. ಆದರೆ ನನ್ನ ಅನುಮಾನಕ್ಕೂ ಒಂದು ಕ್ರಮವಿದೆ, ಮೊದಲು ಯಂತ್ರ, ಆಮೇಲೆ ಮನುಷ್ಯರು. ಇಂಥ ಯಂತ್ರಗಳು ಒಮ್ಮೊಮ್ಮೆ ಭ್ರಮೆ ಹಿಡಿದವರಂತೆ ಆಡುತ್ತವೆ. ಒದ್ದೆ ಬಟ್ಟೆ ತಾಕಿದರೆ ಸಾಕು, ನೀರಿಗೆ ಬಿದ್ದೆ ಎಂದುಕೊಂಡು ಎಚ್ಚರಾಗುತ್ತವೆ. ಆಳ ಅಳೆಯುವ ಸಣ್ಣ ರಂಧ್ರದಲ್ಲಿ ಉಪ್ಪು ಕಟ್ಟಿಕೊಂಡರೆ ಮೇಜಿನ ಮೇಲೆ ಕೂತೇ ಆಳಕ್ಕೆ ಇಳಿದೆ ಎನ್ನುತ್ತವೆ. ಇದೂ ಅಂಥದ್ದೇ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಡ್ರಾಯರ್ ಮುಟ್ಟಿ ನೋಡಿದೆ. ಒಣಗಿತ್ತು. ಭೂತಗನ್ನಡಿಯಲ್ಲಿ ರಂಧ್ರ ನೋಡಿದೆ. ಅದರ ಅಂಚಿನಲ್ಲಿ ಉಪ್ಪಿನ ಹರಳು ಮಿನುಗುತ್ತಿತ್ತು, ಹೊಸ ಉಪ್ಪು. ಬ್ಯಾಟರಿ ತೆಗೆದರೆ ಈ ಹಳೆಯ ಮಾದರಿಯ ನೆನಪೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಅದನ್ನು ಮುಟ್ಟಲಿಲ್ಲ. ಬಿಸಿನೀರಲ್ಲಿ ನೆನೆಸಿ ಉಪ್ಪು ಕರಗಿಸಿದೆ. ಬೆಲ್ಟನ್ನು ಬಕಲ್ ಹಾಕಿದ್ದ ಹಾಗೇ ಎರಡೂ ಕಡೆ ಪಿನ್ನು ಒತ್ತಿ ಕಳಚಿ ಪಕ್ಕದ ತಟ್ಟೆಗೆ ಎಸೆದೆ. ಯಾವ ಯಂತ್ರ ಬಂದರೂ ನನ್ನ ಕೈ ಮೊದಲು ಬೆಲ್ಟು ಬಿಚ್ಚುತ್ತದೆ, ಇಲ್ಲದಿದ್ದರೆ ಅದು ಪರೀಕ್ಷೆಯ ಪಾತ್ರೆಯೊಳಗೆ ಹಿಡಿಸುವುದಿಲ್ಲ. ಆ ಪಾತ್ರೆಯಲ್ಲಿ ನೀರು ತುಂಬಿ, ಯಂತ್ರ ಮುಳುಗಿಸಿ, ಮುಚ್ಚಳ ಬಿಗಿದು, ಪಂಪಿನಿಂದ ಒತ್ತಡ ಕೊಟ್ಟೆ. ಪಾತ್ರೆಯ ಮುಳ್ಳು ಎಷ್ಟು ಆಳ ಎಂದಿತೋ ಯಂತ್ರವೂ ಅಷ್ಟೇ ಎಂದಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಳಗಿನ ನೆನಪು ತೆಗೆದು ನೋಡಿದರೆ ನಿನ್ನೆ, ಗುರುವಾರ, ಒಂದೇ ದಿನ ಮೂರು ಸಲ ಇಳಿದಿತ್ತು, ಕೊನೆಯದು ಸಂಜೆ. ಅದಕ್ಕೂ ಹಿಂದಿನ ಗುರುವಾರಗಳಲ್ಲೂ ಇಳಿದಿತ್ತು.

ಯಂತ್ರ ಸತ್ಯವಂತ. ಹಾಗಾದರೆ ಸುಳ್ಳ ಯಾರು?

ಗುರುವಾರ ಬಿಡಿಭಾಗ ತರಲು ನಾನು ಪೇಟೆಗೆ ಹೋಗುತ್ತೇನೆ, ಬರುವಾಗ ದೀಪ ಹಚ್ಚುವ ಹೊತ್ತು. ಈ ಮನೆಯಲ್ಲಿ ನೀರಿಗಿಳಿಯಬಲ್ಲವರು ಇಬ್ಬರೇ. ನಾನು ಇಳಿದಿಲ್ಲ. ಇನ್ನು ಲೆಕ್ಕ ಹಾಕಲು ಏನು ಉಳಿಯಿತು? ಅಂಗಡಿಯ ಮುಂದೆ ನಿಂತಿದ್ದ ಸ್ಕೂಟರಿನ ಹತ್ತಿರ ಹೋಗಿ ನೋಡಿದೆ. ಸೀಟಿನ ಹಿಂಭಾಗದಲ್ಲಿ ಬಿಳಿಯ ಉಪ್ಪಿನ ಕಲೆ, ಒದ್ದೆ ಬಟ್ಟೆ ಆರಿದಾಗ ಉಳಿಯುವಂಥದ್ದು. ಇವರ ಜೊತೆ ಡೈವಿಂಗ್ ಕಲಿಸುತ್ತಿದ್ದ, ನಾವೆಲ್ಲ ಮೀಸೆ ಎಂದು ಕರೆಯುವ ಸ್ನೇಹಿತನಿಗೆ ಫೋನ್ ಮಾಡಿದೆ. ದೋಣಿ ದೂರ ಹೋಗಿರಬೇಕು, ಫೋನ್ ಸಿಗಲಿಲ್ಲ. ಇವರೂ ಮೀಸೆಯೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ನನಗೆ ಖಾತ್ರಿಯಾಗಿಹೋಯಿತು.

ಯಂತ್ರ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಮೇಲೆ ಎರಡು ಬ್ಯಾಗು ಬಾಗಿಲ ಬಳಿ ನಿಂತಿದ್ದವು. ಅಸಲಿಗೆ ಪ್ರಯಾಣ ಇದ್ದದ್ದು ಭಾನುವಾರ. ನಾದಿನಿಗೆ ಹೆರಿಗೆಯ ಆಪರೇಷನ್ನು, ಅತ್ತೆ ಅಲ್ಲೇ ಹೋಗಿ ಕೆಲವು ತಿಂಗಳು ಇರುವುದು, ಇವರು ಬಿಟ್ಟು ಬರುವುದು ಎಂದು ಮಾತಾಗಿತ್ತು. ನಿನ್ನೆ ರಾತ್ರಿ ನಾದಿನಿ ಫೋನ್ ಮಾಡಿ, ಡಾಕ್ಟರು ಆಪರೇಷನ್ ಮುಂಚೆ ಮಾಡುತ್ತಾರಂತೆ, ಬೇಗ ಬನ್ನಿ ಎಂದು ಅತ್ತಿದ್ದಳು. ಅವಳ ಗಂಡ ಇಬ್ಬರ ಟಿಕೆಟ್ಟನ್ನೂ ಇವತ್ತಿಗೆ ಬದಲಿಸಿದ್ದ.

ಇವರು ಕನ್ನಡಿಯ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

"ನಿನ್ನೆ ಎಲ್ಲಿ ಹೋಗಿದ್ರಿ?" ಎಂದೆ.

"ನಿನ್ನೆನಾ? ಜೆಟ್ಟಿ ಹತ್ರ. ಅಮ್ಮನ್ನ..."

"ಜೆಟ್ಟಿ! ಸಾಕು, ಅಷ್ಟೇ ಬೇಕಿದ್ದು ನಂಗೆ." ಮೀಸೆಯ ದೋಣಿ ನಿಲ್ಲುವ ಕಟ್ಟೆ ಅದು. ಯಂತ್ರವನ್ನು ಅವರ ಮೂಗಿನ ಮುಂದೆ ಹಿಡಿದೆ. "ಇದೇನು? ಡ್ರಾಯರ್‌ನಲ್ಲಿ ಈಜಾಡ್ತಿತ್ತಾ ಇದು?"

ಇವರು ಪರದೆ ನೋಡಿದರು. ಮುಖ ಬಿಳುಚಿಕೊಂಡಿತು. ಸಿಕ್ಕಿಬಿದ್ದವರ ಮುಖ ಹೀಗೇ ಇರುತ್ತದೆ ಎಂದುಕೊಂಡೆ.

"ನಾನು ನೀರಿಗೆ ಕಾಲೇ ಇಟ್ಟಿಲ್ಲ ಕಣೇ. ಆಣೆ ಮಾಡ್ಲಾ?"

"ಆಣೆ ಯಾರಿಗೆ ಬೇಕು? ಆಣೆಯಿಂದ ಕಾಲು ಉಳಿಯುತ್ತಾ? ಹತ್ತಿ ವಿಮಾನ, ಮೇಲೆ ಹೋದ್ಮೇಲೆ ಆ ಕಾಲು ಇರುತ್ತೋ ಇಲ್ವೋ ನೋಡಿ!"

ಅತ್ತೆ ಒಳಗಿಂದ ಬಂದು ನಿಂತಿದ್ದರು. ವಿಮಾನದಲ್ಲಿ ಚಳಿಯಂತೆ ಎಂದು ತುಂಬುತೋಳಿನ ಸ್ವೆಟರ್ ಹಾಕಿಕೊಂಡಿದ್ದರು. ಸಣ್ಣ ಮೈಕಟ್ಟಿನ, ಮಾತು ಕಡಿಮೆಯ ಹೆಂಗಸು. ನಾವು ಗಂಡ ಹೆಂಡತಿ ಜಗಳಕ್ಕೆ ನಿಂತರೆ ಅವರು ಯಾವಾಗಲೂ ಅಡುಗೆಮನೆಗೆ ಜಾರಿಕೊಳ್ಳುತ್ತಿದ್ದರು. ಅವತ್ತು ಮಾತ್ರ ಅಲ್ಲೇ ನಿಂತರು.

"ಆ ಡಬ್ಬಿನೇ ಸುಳ್ಳು ಹೇಳ್ತಿರಬಹುದಲ್ವೇನೇ?" ಎಂದರು.

"ಅತ್ತೆ, ಡಬ್ಬಿಗೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೆ ಗಂಡಸಾಗಿ ಹುಟ್ಟಬೇಕು."

"ಅಲ್ಲ... ಹಾರಿದ್ರೆ ಎಲ್ಲರಿಗೂ ಹಾಗಾಗುತ್ತಾ?"

"ಆದವರಿಗೆ ಆಗುತ್ತೆ, ಆಗದವರಿಗೆ ಇಲ್ಲ. ನಿಮ್ಮ ಮಗನ್ನ ಇಟ್ಟುಕೊಂಡು ಜೂಜಾಡ್ಲಾ ನಾನು?" ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿಯ ಹಾರನ್ ಕೇಳಿತು. "ಇವರು ಬರಲ್ಲ. ನೀವೊಬ್ರೇ ಹೊರಡಿ ಅತ್ತೆ. ಅಲ್ಲಿ ಅಳಿಯಂದ್ರು ಬಂದು ಕರ್ಕೊಂಡು ಹೋಗ್ತಾರೆ."

ಅತ್ತೆ ನನ್ನ ಕೈಯಲ್ಲಿದ್ದ ಯಂತ್ರವನ್ನು ನೋಡಿದರು. "ಅವಳು ಒಬ್ಬಳೇ ಇದಾಳೆ ಪಾಪ," ಎಂದಷ್ಟೇ ಅಂದು ಚಪ್ಪಲಿ ಹಾಕಿಕೊಂಡರು. ಬ್ಯಾಗು ಡಿಕ್ಕಿಗೆ ಹಾಕಿದವಳು ನಾನು. ಸೀಟ್ ಬೆಲ್ಟ್ ಎಳೆದು ಹಾಕಿದವಳೂ ನಾನೇ. ಹುಷಾರು ಎಂದು ಕೈ ಬೀಸಿದೆ.

ಇವರು ಕಿಟಕಿಯ ಬಳಿ ಬೆನ್ನು ತಿರುಗಿಸಿ ಕೂತಿದ್ದರು. ನಾನು ಅಂಗಡಿಗೆ ಇಳಿದು ಸಿಟ್ಟಿನಲ್ಲೇ ಸಾಮಾನು ಜೋಡಿಸತೊಡಗಿದೆ. ಕೆಲಸ ಮುಗಿದ ಮೇಲೆ ಬೆಲ್ಟು ಮತ್ತೆ ಹಾಕುವುದು ನನ್ನ ರೂಢಿ, ಯಂತ್ರ ಯಾರದೇ ಆಗಿರಲಿ. ತಟ್ಟೆಯಿಂದ ಬೆಲ್ಟು ಎತ್ತಿಕೊಂಡೆ. ಬಕಲ್ ಇನ್ನೂ ಹಾಕಿಯೇ ಇತ್ತು.

ಇವರ ಮಣಿಕಟ್ಟು ದಪ್ಪ. ದಪ್ಪ ರಬ್ಬರಿನ ಈಜುಡುಗೆಯ ತೋಳಿನ ಮೇಲೆ ಕಟ್ಟಿದಾಗ ಕೊನೆಯ ತೂತಿಗೂ ಎಳೆದಾಡಬೇಕಿತ್ತು. ಅಲ್ಲಿ ಬೆಲ್ಟು ಮಡಿಸಿ ಮಡಿಸಿ ಬಿದ್ದ ಹಳೆಯ ಗೆರೆ ಹಾಗೇ ಇತ್ತು. ಆದರೆ ಈಗ ಬಕಲ್ ಸಿಕ್ಕಿಸಿದ್ದು ಬೇರೆ ತೂತಿಗೆ, ಮೊದಲನೆಯ ತೂತಿಗಿಂತಲೂ ಒಳಗೆ, ಕಂಪನಿಯವರು ತೂತೇ ಹಾಕದ ಕಡೆ. ಅಲ್ಲಿ ಯಾರೋ ಕಾಸಿದ ಸೂಜಿಯಿಂದ ಅಚ್ಚುಕಟ್ಟಾಗಿ ಚುಚ್ಚಿದ್ದರು. ಯಂತ್ರದ ಜೊತೆ ಹಿಡಿದು ನನ್ನ ಕೈಗೆ ಸುತ್ತಿ ನೋಡಿದೆ, ಆ ತೂತು ಬಕಲ್ ಮುಟ್ಟಲಿಲ್ಲ. ನನ್ನ ಕೈಯೇನೂ ದಪ್ಪವಲ್ಲ. ನಮ್ಮ ಮನೆಯಲ್ಲಿ ಇಷ್ಟು ಸಣ್ಣ ಮಣಿಕಟ್ಟು ಒಬ್ಬರದೇ. ನಮ್ಮ ಮನೆಯಲ್ಲಿ ಸೂಜಿ ಕಾಸಿ ಚಪ್ಪಲಿಯ ಪಟ್ಟಿಗೂ ಹೊಸ ತೂತು ಹಾಕಿಕೊಳ್ಳುವವರೂ ಅವರೇ.

ಹಾರಬಲ್ಲವರನ್ನು ಮನೆಯಲ್ಲಿ ಕೂಡಿಹಾಕಿ, ಹಾರಬಾರದವರನ್ನು ನನ್ನ ಕೈಯಾರೆ ಕಳಿಸಿದ್ದೆ.

"ರೀ!" ಎಂದು ನಾನು ಕಿರುಚಿದ ರೀತಿಗೆ ಇವರು ಎಳೆಯುವ ಕಾಲಲ್ಲೇ ಮೆಟ್ಟಿಲು ಹಾರಿ ಬಂದರು. ಬೆಲ್ಟು ತೋರಿಸಿದೆ. ಅರ್ಥವಾಗಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಗುರುವಾರ ಗುರುವಾರ ಮೀಸೆ ಹೆಂಡತಿ ಜೊತೆ ಮಾತಾಡ್ಕೊಂಡು ಕೂತಿರ್ತೀನಿ ಅಂತ ಅಮ್ಮ ನನ್ನ ಕೈಲಿ ಜೆಟ್ಟಿಗೆ ಬಿಡಿಸ್ಕೊಳ್ತಿದ್ಲು. ಬಟ್ಟೆ ಒದ್ದೆ ಇದ್ರೆ ಅಲೆ ಹೊಡೀತು ಅಂತಿದ್ಲು," ಎಂದರು. "ಅದನ್ನೇ ಹೇಳೋಕೆ ಬಂದೆ ಬೆಳಿಗ್ಗೆ. ನೀನು ಬಾಯಿ ಬಿಡೋಕೆ ಎಲ್ಲಿ ಬಿಟ್ಟೆ?"

ಅತ್ತೆಗೆ ಫೋನ್ ಮಾಡಿದರೆ ಸ್ವಿಚ್ ಆಫ್. ವಿಮಾನದಲ್ಲಿ ಫೋನ್ ಆರಿಸಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ, ಅವರು ಟ್ಯಾಕ್ಸಿಯಲ್ಲೇ ಆರಿಸಿಬಿಟ್ಟಿದ್ದರು.

ಸ್ಕೂಟರ್ ಹತ್ತಿದೆವು. ಕೂತ ಮೇಲೆ ಹೊಳೆಯಿತು, ನಾನು ಕೂತದ್ದು ಆ ಉಪ್ಪಿನ ಕಲೆಯ ಮೇಲೆ, ಹಿಂದಿನ ಸೀಟಿನಲ್ಲಿ. ಓಡಿಸುವವರ ಬಟ್ಟೆ ಒದ್ದೆಯಾಗಿದ್ದರೆ ಕಲೆ ಮುಂದೆ ಇರಬೇಕಿತ್ತು. ಕಣ್ಣು ಅದನ್ನೂ ನೋಡಿತ್ತು, ತಲೆ ನೋಡಿರಲಿಲ್ಲ.

"ತಪ್ಪಾಯ್ತು ರೀ," ಎಂದು ಅವರ ಬೆನ್ನಿಗೆ ಹೇಳಿದೆ.

"ಏನು? ಗಾಳಿ. ಕೇಳಿಸ್ತಿಲ್ಲ."

ಕೇಳಿಸಿತ್ತು, ನನಗೆ ಗೊತ್ತು. ಮತ್ತೆ ಹೇಳಿದೆ, ಜೋರಾಗಿ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ತಡೆದ. ಇವರ ಟಿಕೆಟ್ಟಿದ್ದದ್ದು ಫೋನಿನಲ್ಲಿ, ಇವರು ತಡಕಾಡುವಷ್ಟರಲ್ಲಿ ನಾನು ಗಾಜಿನಾಚೆ ಅತ್ತೆಯನ್ನು ಕಂಡೆ. ಸಾಲು ಮುಗಿಸಿ ತಪಾಸಣೆಯ ಕಡೆ ನಡೆಯುತ್ತಿದ್ದರು. "ಅಮ್ಮಾ!" ಎಂದು ಇವರು ಗಂಟಲು ಹರಿಯುವಂತೆ ಕೂಗಿದರು. ಒಳಗಿದ್ದ ಅರ್ಧದಷ್ಟು ಹೆಂಗಸರು ತಿರುಗಿದರು. ನಮ್ಮವರು ಕೊನೆಯಲ್ಲಿ ತಿರುಗಿದರು. ನನ್ನ ಕೈಯಲ್ಲಿ ಬೆಲ್ಟು ಕಂಡದ್ದೇ ಬ್ಯಾಗು ಎಳೆದುಕೊಂಡು ಹೊರಗೆ ಬಂದರು.

ಸ್ವೆಟರಿನ ತೋಳು ಮೇಲೆ ಸರಿಸಿದೆ. ಮಣಿಕಟ್ಟಿನ ಸುತ್ತ ಬೆಲ್ಟಿನ ಅಗಲಕ್ಕೆ ಉಪ್ಪು ಉಜ್ಜಿ ಕೆಂಪಗಾಗಿತ್ತು.

"ಮೈ ಹೇಗಿದೆ? ಕೀಲು ನೋವು? ಜೋಮು?"

"ಎಲ್ಲಾ ಸರಿಯಿದೆ. ಕಲಿಸುವಾಗ್ಲೇ ಮೀಸೆ ಹೇಳಿದ್ದ, ಇಳಿದ್ಮೇಲೆ ಒಂದು ದಿನ ವಿಮಾನ ಬೇಡ ಅಂತ. ಭಾನುವಾರ ತಾನೇ ಅಂದ್ಕೊಂಡಿದ್ದೆ. ಆಮೇಲೆ ಅವಳು ಫೋನಲ್ಲಿ ಅತ್ತಳಲ್ಲ, ಹೇಗೆ ಬರಲ್ಲ ಅನ್ನಲಿ?" ಎಂದರು. "ನಂದು ಹಳೇ ರಕ್ತ, ಗುಳ್ಳೆ ಏಳೋಷ್ಟು ಜೋರಿಲ್ಲ ಅಂದ್ಕೊಂಡೆ."

"ಯಾಕಮ್ಮ ಇಳಿದೆ?" ಎಂದರು ಇವರು.

ಅತ್ತೆ ಮಗನ ಮುಖ ನೋಡಿದರು. "ಕಾಲು ಸೊಟ್ಟ ಆಯ್ತು ಅಂತ ನೀನು ಅಳಲಿಲ್ಲ ಕಣೋ. ಇನ್ನು ಇಳಿಯೋ ಹಾಗಿಲ್ಲ ಅಂದಾಗ ಅತ್ತುಬಿಟ್ಟೆ. ಅಂಥದ್ದು ಏನಿದೆ ಅಲ್ಲಿ ಅಂತ ನೋಡ್ಬೇಕಿತ್ತು. ಹೋಗ್ತಿರೋ ಊರಲ್ಲಿ ಸಮುದ್ರ ಇಲ್ಲ."

"ಏನಿತ್ತು?"

"ಏನೂ ಇಲ್ಲ. ಸದ್ದೇ ಇಲ್ಲ. ಎಲ್ಲಿ ಹೋಗಿದ್ದೆ, ಯಾಕೆ ಹೋಗಿದ್ದೆ ಅಂತ ಯಾರೂ ಕೇಳಲ್ಲ." ಅದು ಯಾರಿಗೆ ಹೇಳಿದ್ದು ಎಂದು ಮೂವರಿಗೂ ಗೊತ್ತಿತ್ತು. "ನಿಂಗ್ಯಾಕೆ ಬೇಕಿತ್ತು ಅಂತ ಅರ್ಥ ಆಯ್ತು."

ಇವರು ನಗಲೋ ಅಳಲೋ ತಿಳಿಯದೆ ಫೋನ್ ಹಿಡಿದು ತಂಗಿಯ ಜೊತೆ ಮಾತಾಡಲು ಆಚೆ ಹೋದರು. ಆಪರೇಷನ್ನು ನಾಡಿದ್ದು ಬೆಳಿಗ್ಗೆ, ನಾಳೆಯ ವಿಮಾನ ಹಿಡಿದರೂ ಸಾಕು. ನಾನು ಅತ್ತೆಯ ಪಕ್ಕ ಕಲ್ಲುಬೆಂಚಿನ ಮೇಲೆ ಕೂತು ಬೈಯಲು ಬಾಯಿ ತೆಗೆದೆ. ಅವರೇ ಮೊದಲು ಮಾತಾಡಿದರು.

"ಬೆಳಿಗ್ಗೆ ನಾನು ಅಲ್ಲೇ ನಿಂತಿದ್ದೆ ಕಣೇ. ಒಂದು ಸಲ ನನ್ನ ಕಡೆ ತಿರುಗಿ ಕೇಳಿದ್ರೆ ಹೇಳಿಬಿಡ್ತಿದ್ದೆ. ಮನೇಲಿ ಒಂದು ನೊಣ ಹಾರಿದ್ರೂ ಅನುಮಾನ ಪಡೋಳು ನೀನು. ನನ್ನ ಮೇಲೆ ಮಾತ್ರ ಬರಲೇ ಇಲ್ಲ ನೋಡು. ನನ್ನ ಕೈಲಿ ಅಂಥದ್ದೇನೂ ಆಗಲ್ಲ ಅಂತ ತಾನೇ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಅನುಮಾನ ಪಡಲಿಲ್ಲವೆಂದು ಬೈದಿರಲಿಲ್ಲ. ಚೀಲದಿಂದ ಯಂತ್ರ ತೆಗೆದು ಬೆಲ್ಟು ಸಿಕ್ಕಿಸಿದೆ, ಅವರ ಕೈ ಎಳೆದುಕೊಂಡು ಸ್ವೆಟರಿನ ತೋಳಿನ ಮೇಲೆ ಕಟ್ಟಿದೆ, ಅವರೇ ಚುಚ್ಚಿದ ತೂತಿಗೆ. ಪುಟ್ಟ ವಿಮಾನ ಇನ್ನೂ ಅಲ್ಲೇ ಇತ್ತು.

"ಇದು ಮಾಯ ಆಗೋವರೆಗೂ ಬಿಚ್ಚಬಾರದು. ನನ್ನ ಕಣ್ಣೆದುರೇ ಇರಬೇಕು. ಸ್ನಾನಕ್ಕೆ ಹೋದ್ರೂ ಬಾಗಿಲಲ್ಲಿ ನಿಂತಿರ್ತೀನಿ."

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

"ಎಳ್ಳಷ್ಟೂ ಇಲ್ಲ," ಎಂದೆ.

ಅತ್ತೆಯ ಮುಖ ಅರಳಿತು.